ಕುಡಿತ ಬಿಡಿಸುವ ವೆಚ್ಚ: ಭರಿಸಬೇಕಾದವರು ಯಾರು?

ಕರ್ನಾಟಕ ಸರ್ಕಾರವು 2025ರ ಮಾರ್ಚ್ ತಿಂಗಳಲ್ಲಿ ಮಂಡಿಸಿದ ಆಯವ್ಯಯ ಪತ್ರದಲ್ಲಿ ಅಬಕಾರಿ ಬಾಬಿನಿಂದ 40,000 ಕೋಟಿ ರೂಪಾಯಿ ಸಂಗ್ರಹಿಸುವ ಗುರಿಯನ್ನು ಇರಿಸಿಕೊಂಡಿತು. ಅದರ ಹಿಂದಿನ ವರ್ಷದ ಗುರಿ 38,525 ಕೋಟಿ ರೂಪಾಯಿಯಾಗಿತ್ತು. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆ 6 ಕೋಟಿ 11 ಲಕ್ಷ. ಈ ಲೆಕ್ಕದಲ್ಲಿ ತೊಟ್ಟಿಲ ಕೂಸು, ಹಣ್ಣು ಮುದುಕಿಯರನ್ನೂ ಸೇರಿಸಿ ಹಂಚಿದರೂ ತಲೆಯೊಂದಕ್ಕೆ ಆರೂವರೆ ಸಾವಿರ ರೂಪಾಯಿ ಬೀಳುತ್ತದೆ. ಮದ್ಯದಿಂದ ಬೊಕ್ಕಸಕ್ಕೆ ಬರುವ ಆದಾಯವನ್ನು ವರ್ಷವರ್ಷವೂ ವಿಧಾನಸಭೆಯಲ್ಲಿ ಓದಿ ಹೇಳಲಾಗುತ್ತದೆ. ಅದೇ ಮದ್ಯವು ಮನುಷ್ಯನಲ್ಲಿ ಕಾಯಿಲೆಯಾಗಿ ಬೇರೂರಿದಾಗ ಅದನ್ನು ಕಿತ್ತೊಗೆಯಲು ತಗಲುವ ವೆಚ್ಚ ಮಾತ್ರ ಯಾವ ಲೆಕ್ಕಪತ್ರದಲ್ಲಿಯೂ ಕಾಣಿಸದೆ, ಮನೆಯ ಹೆಣ್ಣುಮಗಳ ಸೆರಗಿನ ಗಂಟಿನಲ್ಲಿ ಉಳಿದುಬಿಡುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಕುಟುಂಬಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಯನ್ನೇ ನಂಬಿದ ಹೊಲ, ಮಳೆ ಕೈಕೊಟ್ಟರೆ ಗುಳೆ, ಗುಳೆಯಿಂದ ಮರಳುವಾಗ ತಂದ ನಾಲ್ಕು ಕಾಸು: ಇದು ಈ ಬಯಲುಸೀಮೆಯ ಬದುಕು. ಆ ನಾಲ್ಕು ಕಾಸು ಮದ್ಯದಂಗಡಿಯ ಕಟ್ಟೆಯನ್ನು ದಾಟಿ ಮನೆ ಸೇರುವುದೇ ಎಷ್ಟೋ ಮನೆಗಳಲ್ಲಿ ದೊಡ್ಡ ಸಂಗತಿ. ಕಥೋಲಿಕ ಕುಟುಂಬಗಳು ಈ ಭಾಗದಲ್ಲಿ ಅಲ್ಪಸಂಖ್ಯೆಯಲ್ಲಿವೆ. ಆದರೆ ಈ ಸಂಕಟದಲ್ಲಿ ಅವುಗಳ ಪಾಲು ಅಲ್ಪವೆಂದು ಯಾರೂ ಎದೆಮುಟ್ಟಿ ಹೇಳಲಾರರು. ಹಬ್ಬಕ್ಕೂ ಮದುವೆಗೂ ಬಾಟಲಿಯನ್ನು ಮರ್ಯಾದೆಯ ವಸ್ತುವೆಂಬಂತೆ ಮುಂದಿಡುವ ರೂಢಿ ನಮ್ಮ ಮನೆಗಳಲ್ಲಿಯೂ ಇದೆ.

ನಿಷೇಧದ ಎರಡು ಪ್ರಯೋಗಗಳು

ಪಾನನಿರೋಧ ಈ ಸೀಮೆಗೆ ಹೊಸದಲ್ಲ. ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದಾಗ, 1948ರ ವೇಳೆಗೆ, ಪ್ರಾಂತ್ಯದ ಎಲ್ಲ ಜಿಲ್ಲೆಗಳಲ್ಲಿಯೂ ಪಾನನಿರೋಧ ಜಾರಿಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಇಲ್ಲಿನ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. 1960ರ ದಶಕದ ಕೊನೆಯಲ್ಲಿ ರಾಜ್ಯವು ಪಾನನಿರೋಧವನ್ನು ಕೈಬಿಟ್ಟಿತು. ಮತ್ತೆ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಲಾಯಿತು. ಸಾರಾಯಿ ಪಾಕೀಟು ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಪಾಕೀಟು ಬಂದಿತು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗಗಳಲ್ಲಿ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಬಡವರು ಬಲಿಯಾದರು. 2019ರ ಜನವರಿಯಲ್ಲಿ ಉತ್ತರ ಕರ್ನಾಟಕದ ಸಾವಿರಾರು ಮಹಿಳೆಯರು ಮದ್ಯನಿಷೇಧವನ್ನು ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ದೂರ ನಡೆದರು.

ಸಂವಿಧಾನದ 47ನೆಯ ವಿಧಿಯು ಮಾದಕ ಪಾನೀಯಗಳ ನಿಷೇಧಕ್ಕಾಗಿ ಶ್ರಮಿಸಬೇಕೆಂದು ಸರ್ಕಾರಗಳಿಗೆ ನಿರ್ದೇಶಿಸಿದೆ. ಆದುದರಿಂದ ಆ ಮಹಿಳೆಯರ ಬೇಡಿಕೆ ನ್ಯಾಯವಾದುದು. ಆದರೆ ಅಂಗಡಿ ಮುಚ್ಚುವುದು ಒಂದು ಕೆಲಸ, ಈಗಾಗಲೇ ದಾಸನಾದವನನ್ನು ಬಿಡಿಸುವುದು ಇನ್ನೊಂದು ಕೆಲಸ. ಎರಡನೆಯ ಕೆಲಸಕ್ಕೆ ವೈದ್ಯರು ಬೇಕು, ಔಷಧಿ ಬೇಕು, ಕಾಲಾವಕಾಶ ಬೇಕು, ಹಣ ಬೇಕು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿದೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು.

ಕಾನೂನು ಕೊಟ್ಟ ಹಕ್ಕು

ಚಿಕಿತ್ಸೆಯ ಖರ್ಚಿಗೆ ಹೆದರುವ ಬಹುಪಾಲು ಕುಟುಂಬಗಳಿಗೆ ಕಾನೂನು ಏನು ಹೇಳುತ್ತದೆಂಬುದು ತಿಳಿಯದು. 2017ರಲ್ಲಿ ಸಂಸತ್ತು ಅಂಗೀಕರಿಸಿ ಮರುವರ್ಷ ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು, ಮದ್ಯ ಹಾಗೂ ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಅದರ 18ನೆಯ ಪ್ರಕರಣದ ಪ್ರಕಾರ ಬಡತನದ ರೇಖೆಗಿಂತ ಕೆಳಗಿರುವವರಿಗೆ, ಅವರ ಬಳಿ ಪಡಿತರ ಚೀಟಿ ಇರಲಿ ಇಲ್ಲದಿರಲಿ, ಸರ್ಕಾರ ನಡೆಸುವ ಅಥವಾ ಸರ್ಕಾರದ ಅನುದಾನ ಪಡೆಯುವ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಸಂಪೂರ್ಣ ಉಚಿತ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಔಷಧಿಗಳನ್ನು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕೂ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವ ಬಲ್ಲಿದನೆಂಬ ಭೇದವಿಲ್ಲದೆ ಎಲ್ಲ ರೋಗಿಗಳಿಗೂ ಉಚಿತವಾಗಿ ಒದಗಿಸಬೇಕೆಂದೂ ಅದು ವಿಧಿಸುತ್ತದೆ. ಅಂದರೆ ತಾಲ್ಲೂಕು ಆಸ್ಪತ್ರೆಯ ಕಿಟಕಿಯಲ್ಲಿ ನಿಂತು ಔಷಧಿ ಕೇಳುವವನು ಭಿಕ್ಷೆ ಬೇಡುತ್ತಿಲ್ಲ, ತನ್ನ ಹಕ್ಕನ್ನು ಕೇಳುತ್ತಿದ್ದಾನೆ.

ಮಗ ಗಾಂಜಾ ಇಲ್ಲವೆ ಗುಳಿಗೆಗಳ ಚಟಕ್ಕೆ ಬಿದ್ದಾಗ ಪೊಲೀಸರಿಗೆ ಹೆದರಿ ಸುಮ್ಮನಾಗುವ ತಂದೆತಾಯಿಗಳೂ ಇದ್ದಾರೆ. 1985ರ ಮಾದಕವಸ್ತು ಕಾಯಿದೆಯ 64-ಎ ಪ್ರಕರಣವು, ಸ್ವಂತ ಬಳಕೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸರ್ಕಾರಿ ಇಲ್ಲವೆ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆಯಲು ಮುಂದಾದರೆ, ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಲು ಅವಕಾಶವುಂಟು.

ವಿಮೆಯ ವಿಷಯದಲ್ಲಿ ಎಚ್ಚರ ಅಗತ್ಯ. ಶಾರೀರಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮಾರಕ್ಷಣೆ ಕೊಡಬೇಕೆಂದು 2017ರ ಕಾಯಿದೆಯ 21ನೆಯ ಪ್ರಕರಣ ಹೇಳುತ್ತದೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರವು ಒಪ್ಪಿರುವ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಕುಡಿತ, ಮಾದಕವಸ್ತು ಹಾಗೂ ಅವುಗಳ ಪರಿಣಾಮಗಳ ಚಿಕಿತ್ಸೆ ಸೇರಿದೆ. ಆದುದರಿಂದ ಖಾಸಗಿ ಆರೋಗ್ಯ ವಿಮೆಯ ಕಂತು ಕಟ್ಟುತ್ತಿರುವ ಶಿಕ್ಷಕರು, ದಾದಿಯರು, ನೌಕರರು ಈ ಬಾಬಿಗೆ ಹಣ ಸಿಕ್ಕೇ ಸಿಗುವುದೆಂದು ನಂಬಿ ಕೂರದೆ ಪಾಲಿಸಿಯ ಷರತ್ತುಗಳನ್ನು ಮೊದಲೇ ಓದಿಕೊಳ್ಳುವುದು ಒಳ್ಳೆಯದು. ಒಂದೇ ಕಾಯಿಲೆಯನ್ನು ಕಾನೂನಿನ ಒಂದು ಪುಟ ಒಳಗೆ ಕರೆದು ವಿಮೆಯ ಇನ್ನೊಂದು ಪುಟ ಹೊರಗೆ ತಳ್ಳುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ನಮ್ಮ ಸಂಸತ್ ಸದಸ್ಯರು ಕೇಳಬೇಕಾಗಿದೆ.

ನಮ್ಮ ಜಿಲ್ಲೆಯೇ ತೋರಿಸಿದ ದಾರಿ

ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕೆಂಬ ಭಾವನೆ ಇಂದಿಗೂ ಜನರಲ್ಲಿದೆ. ಆದರೆ ಅದಕ್ಕೆ ಉತ್ತರ ಕಂಡುಕೊಂಡುದು ಇದೇ ನೆಲದಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು ಒಂದು ಪ್ರಯೋಗವನ್ನು ಕೈಗೊಂಡಿತು. ಅಂದಿನ ಬಳ್ಳಾರಿ ಜಿಲ್ಲೆಯೆಂದರೆ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳೆಲ್ಲವೂ ಸೇರಿದ ಜಿಲ್ಲೆ. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನೊಳಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಕೆಲವೇ ಅಗತ್ಯ ಔಷಧಿಗಳನ್ನು ಅಲ್ಲಿಯೇ ದೊರೆಯುವಂತೆ ಮಾಡಿ, ಸರಳವಾದ ದಾಖಲೆಗಳನ್ನಿಟ್ಟು, ಮೇಲಿಂದ ತಜ್ಞರು ಉಸ್ತುವಾರಿ ನೋಡಿಕೊಂಡರು. ಅಂದಿನ ಗಮನ ಹೆಚ್ಚಾಗಿ ಮನೋರೋಗ ಮತ್ತು ಮೂರ್ಛೆರೋಗಗಳ ಮೇಲಿತ್ತು. ದೇಶದಲ್ಲಿ ‘ಬಳ್ಳಾರಿ ಮಾದರಿ’ ಎಂದು ಹೆಸರಾದುದು ಇದೇ. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಈ ಮಾದರಿಯನ್ನೇ ಆಧಾರವಾಗಿಟ್ಟುಕೊಂಡಿತು.

ದೇಶಕ್ಕೆ ದಾರಿ ತೋರಿಸಿದ ತಾಲ್ಲೂಕುಗಳ ಜನ ಕುಡಿತದ ಚಿಕಿತ್ಸೆಗೆ ದೂರದ ಊರುಗಳಿಗೆ ಅಲೆಯಬೇಕೇಕೆ? ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಹೊಸ ಜಿಲ್ಲೆ ಹುಟ್ಟಿದಾಗ ಐದೂ ತಾಲ್ಲೂಕುಗಳು ವಿಜಯನಗರದ ಪಾಲಾದವು. ಜಿಲ್ಲೆ ಬದಲಾದಂತೆ ಕಚೇರಿಗಳ ಫಲಕಗಳು ಬದಲಾದವು. ತಾಲ್ಲೂಕು ಆಸ್ಪತ್ರೆಯಲ್ಲಿ ನಿಗದಿತ ದಿನ ಮಾನಸಿಕ ತಜ್ಞರು ಬರುವಂತೆಯೂ, ಮದ್ಯ ಬಿಡಿಸುವ ಔಷಧಿ ವರ್ಷವಿಡೀ ದಾಸ್ತಾನಿರುವಂತೆಯೂ ನೋಡಿಕೊಳ್ಳುವುದು ಜಿಲ್ಲಾ ಆಡಳಿತದ ಹೊಣೆ. ಮದ್ಯದ ಸುಂಕದಿಂದ ಬರುವ ಹಣದಲ್ಲಿ ನೂರಕ್ಕೆ ಒಂದು ರೂಪಾಯಿಯನ್ನು ಮೀಸಲಿಟ್ಟರೂ ರಾಜ್ಯಕ್ಕೆ ವರ್ಷಕ್ಕೆ 400 ಕೋಟಿ ದೊರೆಯುತ್ತದೆ.

ಬಿಲ್ಲಿನಲ್ಲಿ ಕಾಣದ ವೆಚ್ಚ

ಆಸ್ಪತ್ರೆ ಉಚಿತವಾದರೂ ಚಿಕಿತ್ಸೆ ಉಚಿತವಾಗುವುದಿಲ್ಲ ಎಂಬ ಮಾತನ್ನು ಇಲ್ಲಿ ಹೇಳಲೇಬೇಕು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ. ಮೂರು ವಾರ ಒಬ್ಬನು ಆಸ್ಪತ್ರೆಯಲ್ಲಿದ್ದು, ಅವನೊಡನೆ ಮನೆಯವರೊಬ್ಬರು ಉಳಿದರೆ, ಇಬ್ಬರ ಕೂಲಿಯ ನಷ್ಟವೇ 15,540 ರೂಪಾಯಿ. ‘ಶಕ್ತಿ’ ಯೋಜನೆಯಿಂದ ಹೆಂಡತಿಯ ಬಸ್ ಪ್ರಯಾಣ ಉಚಿತ, ಗಂಡನದು ಉಚಿತವಲ್ಲ. ಊರಲ್ಲಿ ಉಳಿದ ಮಕ್ಕಳ ಊಟ, ಸಂಘದ ಸಾಲದ ಕಂತು, ದನಕರುಗಳ ಮೇವು ಇವು ಯಾವುವೂ ಮೂರು ವಾರ ಕಾಯುವುದಿಲ್ಲ. ಹೀಗಾಗಿ ನಾಲ್ಕೇ ದಿನಕ್ಕೆ ಬಿಡುಗಡೆ ಮಾಡಿಸಿಕೊಂಡು ಹಿಂದಿರುಗುವವರೂ, ಮೊದಲ ತಿಂಗಳ ಬಳಿಕ ಮರುಭೇಟಿಯನ್ನೇ ನಿಲ್ಲಿಸುವವರೂ ಇದ್ದಾರೆ. ಮೈಯಿಂದ ಮದ್ಯದ ವಿಷ ಇಳಿಯಲು ವಾರ ಸಾಕು, ಮನಸ್ಸು ನೆಲೆನಿಲ್ಲಲು ವರ್ಷವಾದರೂ ಬೇಕು. ನಡುವೆ ಕೈಬಿಟ್ಟ ಚಿಕಿತ್ಸೆಯೇ ಎಲ್ಲಕ್ಕಿಂತ ದುಬಾರಿಯಾದ ಚಿಕಿತ್ಸೆ.

ಈ ಅವಸರದಲ್ಲಿ ಕುಟುಂಬಗಳು ಎರಡು ಅಡ್ಡದಾರಿಗಳನ್ನು ಹಿಡಿಯುತ್ತವೆ. ಕುಡುಕನಿಗೆ ತಿಳಿಯದಂತೆ ಅನ್ನದಲ್ಲಿ ಪುಡಿ ಬೆರೆಸುವುದು ಒಂದು. ಅದು ಜೀವಕ್ಕೇ ಎರವಾಗಬಹುದು. ಬಹುಕಾಲ ಕುಡಿದವನನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದೂ ಅಷ್ಟೇ ಅಪಾಯಕರ; ಕೈನಡುಕ, ಭ್ರಮೆ, ಫಿಟ್ಸ್ ಕಾಣಿಸಿಕೊಂಡು ಪ್ರಾಣ ಹೋದುದುಂಟು. ಬಂಗಾರ ಅಡವಿಟ್ಟು ಗುರುತುಪರಿಚಯವಿಲ್ಲದ ಖಾಸಗಿ ಕೇಂದ್ರಕ್ಕೆ ತಿಂಗಳ ಹಣ ಕಟ್ಟಿಬರುವುದು ಇನ್ನೊಂದು. ಅಂಥ ಕೇಂದ್ರವು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ, ವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಶುಲ್ಕಕ್ಕೆ ರಸೀದಿ ಕೊಡುತ್ತಾರೆಯೇ ಎಂಬುದನ್ನು ಕೇಳದೆ ಹಣ ಕೊಡಬಾರದು. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ಕಾಯಿದೆ ಸ್ಪಷ್ಟವಾಗಿ ನಿಷೇಧಿಸಿದೆ. ದಾರಿ ಕಾಣದಾದಾಗ 14416 ಸಂಖ್ಯೆಯ ಟೆಲಿ-ಮಾನಸ್‌ಗಾಗಲಿ, 14446 ಸಂಖ್ಯೆಯ ವ್ಯಸನಮುಕ್ತಿ ಸಹಾಯವಾಣಿಗಾಗಲಿ ಖರ್ಚಿಲ್ಲದೆ ಕರೆ ಮಾಡಬಹುದು.

ಧರ್ಮಕೇಂದ್ರದ ಪಾಲು

ನೆರೆಹೊರೆಯವರಿಂದ ನಾವು ಕಲಿಯಬೇಕಾದುದಿದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಹಣವನ್ನು ಕೇಳದೆ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಶ್ರೀ ಕ್ಷೇತ್ರ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಲ್ಲಿ ಊರಿನವರೇ ಸಮಿತಿ ಕಟ್ಟಿಕೊಂಡು ಹೊಣೆ ಹೊರುತ್ತಾರೆ, ಶಿಬಿರದ ಬಳಿಕ ನವಜೀವನ ಸಮಿತಿಗಳ ಮೂಲಕ ಕುಡಿತ ಬಿಟ್ಟವರನ್ನು ಒಟ್ಟುಗೂಡಿಸುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವು ಸದಸ್ಯರಿಂದ ಯಾವ ಶುಲ್ಕವನ್ನೂ ಕೇಳುವುದಿಲ್ಲ. ಅದಕ್ಕೆ ಬೇಕಾದುದು ವಾರಕ್ಕೊಮ್ಮೆ ಕೂಡಲು ಒಂದು ಕೋಣೆ. ಅಂಥ ಕೋಣೆ ನಮ್ಮ ದೇವಾಲಯದ ಆವರಣದಲ್ಲಿ ಇಲ್ಲದಿದ್ದೀತೇ?

ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬೊಟ್‌ರವರು 1884ರಲ್ಲಿ, ತಮ್ಮ 28ನೆಯ ವಯಸ್ಸಿನಲ್ಲಿ, ಕುಡಿತ ತೊರೆಯುವ ಪ್ರತಿಜ್ಞೆಯನ್ನು ಮೊದಲು ಮೂರು ತಿಂಗಳಿಗಷ್ಟೇ ಕೈಗೊಂಡರು, ಬಳಿಕ ಅದನ್ನೇ ಬಾಳಿನುದ್ದಕ್ಕೂ ಪಾಲಿಸಿದರು. ಕುಡಿತಕ್ಕಾಗಿ ಮಾಡಿದ್ದ ಸಾಲಗಳನ್ನು ಒಂದೊಂದಾಗಿ ತೀರಿಸಿದರು. 1925ರಲ್ಲಿ ತೀರಿಕೊಂಡ ಅವರನ್ನು ಶ್ರೀಸಭೆಯು 1975ರಲ್ಲಿ ಪೂಜ್ಯರೆಂದು ಘೋಷಿಸಿತು. ಅವರಿಗೆ ಆಸರೆಯಾದುದು ಪ್ರತಿದಿನದ ಬಲಿಪೂಜೆ. ಇಂದಿನ ವ್ಯಸನಿಗೂ ಬಲಿಪೂಜೆ ಬೇಕು, ಪಾಪನಿವೇದನೆಯ ಸಮಾಧಾನ ಬೇಕು, ಜೊತೆಗೆ ವೈದ್ಯರ ಔಷಧಿಯೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸುವುದು ಸಲ್ಲದು.

ಸಂತ ಲೂಕನ ಶುಭಸಂದೇಶದಲ್ಲಿ ಬರುವ ಸಮಾರ್ಯದವನು ಗಾಯಗೊಂಡವನನ್ನು ಛತ್ರಕ್ಕೆ ಸೇರಿಸಿ, ಅದರ ಯಜಮಾನನಿಗೆ ಎರಡು ಬೆಳ್ಳಿನಾಣ್ಯಗಳನ್ನು ಕೊಟ್ಟನು. ಅದು ಆ ಕಾಲದ ಎರಡು ದಿನದ ಕೂಲಿ. ಹೆಚ್ಚಿಗೆ ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದು ಮಾತನ್ನೂ ಕೊಟ್ಟನು. ಗಾಯಗೊಂಡವನು ಆ ದಾರಿಯಲ್ಲಿ ಏಕೆ ಬಂದನೆಂದು ವಿಚಾರಿಸುತ್ತ ನಿಲ್ಲಲಿಲ್ಲ. ನಮ್ಮ ಧರ್ಮಕೇಂದ್ರಗಳಿಗೂ ಇದೇ ಲೆಕ್ಕ ಸಾಕು. ತಪಸ್ಸುಕಾಲದ ಕಾಣಿಕೆಯ ಒಂದು ಭಾಗ, ಮದುವೆ ಹಬ್ಬಗಳಲ್ಲಿ ಬಾಟಲಿಗೆ ಸುರಿಯುವ ಹಣದ ಒಂದು ಪಾಲು, ಇವನ್ನು ಕೂಡಿಸಿ ಚಿಕಿತ್ಸೆಗೆ ಹೋದವನ ಮನೆಗೆ ಮೂರು ವಾರದ ಅಕ್ಕಿ ಜೋಳ, ವರ್ಷವಿಡೀ ಮರುಭೇಟಿಯ ಬಸ್ ಖರ್ಚು ಒದಗಿಸಬಹುದು. 1833ರಿಂದ ಬಡವರ ಮನೆಬಾಗಿಲಿಗೆ ಹೋಗುವುದನ್ನೇ ವ್ರತವಾಗಿಸಿಕೊಂಡ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಈ ಕಾರ್ಯಕ್ಕೆ ಹೇಳಿಮಾಡಿಸಿದವರು. ಹಣವನ್ನು ವ್ಯಸನಿಯ ಕೈಗೆ ಕೊಡದೆ ಮನೆಯಾಕೆಯ ಮೂಲಕ ತಲುಪಿಸುವುದು, ಆ ಮನೆಯ ಹೆಸರು ಊರ ಬಾಯಿಗೆ ಬೀಳದಂತೆ ಕಾಯುವುದು ಅವರ ಜವಾಬ್ದಾರಿ. ಜಾತಿಮತ ಕೇಳದೆ ನೆರೆಮನೆಯವರಿಗೂ ಇದನ್ನು ವಿಸ್ತರಿಸಬೇಕು. ಸಮಾರ್ಯದವನು ಎತ್ತಿಕೊಂಡುದು ಅನ್ಯಜನಾಂಗದವನನ್ನು.

ಚಿಕಿತ್ಸೆಯ ವೆಚ್ಚ ಸರ್ಕಾರದ ಹೊಣೆ. ಅದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ, ಶಾಸಕರ ಮುಂದೆ, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಸಂಕೋಚವಿಲ್ಲದೆ ಕೇಳೋಣ. ಮನೆಯ ಒಲೆ ಆರದಂತೆ ನೋಡಿಕೊಳ್ಳುವ ವೆಚ್ಚ ಸಮುದಾಯದ್ದು. ಅದನ್ನು ಯಾರೂ ಕೇಳುವ ಮೊದಲೇ ಕೊಡೋಣ.