ಪೋಲರೂ ಹಂಗೇರಿಯನ್ನರೂ: ಒಂದು ಸ್ನೇಹ, ಎರಡು ದಾರಿ

ನೆರೆಹೊರೆಯವರ ವೈರವೇ ಯುರೋಪಿನ ಇತಿಹಾಸವಾಗಿರುವಾಗ, ಪೋಲರ ಮತ್ತು ಹಂಗೇರಿಯನ್ನರ ಸ್ನೇಹವು ಅಪವಾದವೆಂದೇ ಹೇಳಬೇಕು. 1848-49ರ ಹಂಗೇರಿಯ ಸ್ವಾತಂತ್ರ್ಯಸಮರದಲ್ಲಿ ಪೋಲಿಷ್ ಸೇನಾನಿ ಯೋಜೆಫ್ ಬೆಮ್‌ನು ಹಂಗೇರಿಯ ಪಕ್ಷದಲ್ಲಿ ಕಾದಿದನು. 1939ರಲ್ಲಿ ಹಿಟ್ಲರನು ಪೋಲಂಡದ ಮೇಲೆ ಬಿದ್ದಾಗ ಹಂಗೇರಿಯು ಜರ್ಮನ್ ಸೈನ್ಯಕ್ಕೆ ತನ್ನ ರೈಲುದಾರಿಯನ್ನು ಕೊಡಲೊಪ್ಪದೆ, ಪೋಲಿಷ್ ನಿರಾಶ್ರಿತರಿಗೆ ಬಾಗಿಲು ತೆರೆಯಿತು. 1956ರ ಅಕ್ಟೋಬರ್ 23ರಂದು ಬುಡಾಪೆಸ್ಟಿನ ಜನರು ಪೋಲರಿಗೆ ಸಹಾನುಭೂತಿಯನ್ನು ತೋರಲು ಕೂಡಿದ್ದು ಅದೇ ಬೆಮ್‌ನ ಪ್ರತಿಮೆಯ ಬಳಿಯಲ್ಲಿ. ಅವರ ಬಂಡಾಯವನ್ನು ಸೋವಿಯೆತ್ ಟ್ಯಾಂಕುಗಳು ತುಳಿದಾಗ ಪೋಲರು ರಕ್ತದಾನ ಮಾಡಿದರು.

ಇಂಥ ಜೊತೆಗಾರರು 1999ರಲ್ಲಿ ನೇಟೋ ಕೂಟವನ್ನೂ 2004ರಲ್ಲಿ ಯುರೋಪಿಯನ್ ಒಕ್ಕೂಟವನ್ನೂ ಕೂಡಿಯೇ ಸೇರಿದರು. 2010ರಲ್ಲಿ ಹಂಗೇರಿಯಲ್ಲಿ ಓರ್ಬಾನರೂ, 2015ರಲ್ಲಿ ಪೋಲಂಡದಲ್ಲಿ ‘ಕಾನೂನು ಮತ್ತು ನ್ಯಾಯ’ ಪಕ್ಷವೂ ಅಧಿಕಾರಕ್ಕೆ ಬಂದವು. ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ಒಕ್ಕೂಟವು 2017ರಲ್ಲಿ ಪೋಲಂಡದ ಮೇಲೂ 2018ರಲ್ಲಿ ಹಂಗೇರಿಯ ಮೇಲೂ ಕ್ರಮವನ್ನಾರಂಭಿಸಿತು. ದಂಡನೆಗೆ ಉಳಿದವರೆಲ್ಲರ ಒಮ್ಮತ ಬೇಕಾದ್ದರಿಂದ, ಒಬ್ಬರಿಗೊಬ್ಬರು ಗುರಾಣಿಯಾದರು.

2022ರ ಫೆಬ್ರವರಿ 24ರಂದು ರಷ್ಯವು ಉಕ್ರೇನಿನೊಳಕ್ಕೆ ನುಗ್ಗಿತು. ಪೋಲಂಡವು ಲಕ್ಷಾಂತರ ನಿರಾಶ್ರಿತರನ್ನು ಬರಮಾಡಿಕೊಂಡು ಶಸ್ತ್ರಗಳನ್ನೂ ಕಳಿಸಿತು. ಓರ್ಬಾನರು ತಮ್ಮ ಗಡಿಯ ಮೂಲಕ ಉಕ್ರೇನಿಗೆ ಶಸ್ತ್ರಗಳು ಹೋಗಕೂಡದೆಂದರು. ಅಂದು ವಾರ್ಸಾದಲ್ಲಿ ಆಳುತ್ತಿದ್ದವರು ಓರ್ಬಾನರ ಮಿತ್ರರೇ ಎಂಬುದನ್ನು ವಾಚಕರು ಗಮನಿಸಬೇಕು. 2023ರ ಡಿಸೆಂಬರದಲ್ಲಿ ಟುಸ್ಕರ ಸರಕಾರ ಬಂದರೂ ಉಕ್ರೇನಿಗೆ ಬೆಂಬಲವು ನಿಲ್ಲಲಿಲ್ಲ.

ಈ ಅಗಲಿಕೆಗೆ ಕಾರಣವೇನು? ಪೋಲಂಡವು ಮೂರು ವಿಭಜನೆಗಳಲ್ಲಿ ಅಳಿದು, 123 ವರ್ಷ ಭೂಪಟದಲ್ಲಿರಲಿಲ್ಲ. ರಷ್ಯದ ಪ್ರದೇಶವಾದ ಕಲಿನಿನ್‌ಗ್ರಾಡ್ ಇಂದಿಗೂ ಅದರ ಹೊಸ್ತಿಲಲ್ಲಿದೆ. ಹಂಗೇರಿಯ ಹಳೆಯ ಗಾಯವು ಬೇರೆ. 1920ರ ಟ್ರಿಯಾನೊನ್ ಒಪ್ಪಂದದಲ್ಲಿ ಅದರ ನಾಡಿನ ಮೂರರಲ್ಲೆರಡು ಪಾಲನ್ನು ಕಸಿದವರು ಪಶ್ಚಿಮದ ವಿಜಯಿಗಳು. ಅಂದು ಹೊರಗುಳಿದ ಹಂಗೇರಿಯನ್ನರಲ್ಲಿ ಒಂದು ಭಾಗವು ಈಗ ಉಕ್ರೇನಿನ ಪ್ರಜೆಗಳು. ಅವರ ಭಾಷಾಶಿಕ್ಷಣದ ಬಗ್ಗೆ 2017ರಿಂದ ಆ ಎರಡು ದೇಶಗಳಿಗೆ ವಿವಾದವೆದ್ದಿತು. ಮೇಲಾಗಿ ಹಂಗೇರಿಗೆ ಸಮುದ್ರತೀರವಿಲ್ಲ. ‘ಸ್ನೇಹ’ವೆಂಬ ಹೆಸರಿನ ದ್ರುಜ್ಬಾ ಕೊಳವೆಯಿಂದಲೇ ಅದಕ್ಕೆ ರಷ್ಯದ ಎಣ್ಣೆಯು ಬರುತ್ತಿತ್ತು.

ಆದರೆ ಭೂಗೋಲವೊಂದೇ ವಿಧಿಯಲ್ಲ. ಜೆಕ್ ದೇಶಕ್ಕೂ ಸಮುದ್ರವಿಲ್ಲ. ಅದೂ ಅದೇ ಕೊಳವೆಯ ಎಣ್ಣೆಯನ್ನು ಉಪಯೋಗಿಸುತ್ತಿತ್ತು. ಆದರೂ ಅದು ಪಶ್ಚಿಮದ ಕೊಳವೆಯನ್ನು ಹಿಗ್ಗಿಸಿಕೊಂಡು 2025ರಲ್ಲಿ ಆ ಹಂಗನ್ನು ಹರಿದುಕೊಂಡಿತು. ಪೋಲಂಡವು 2022ರಲ್ಲಿ ನಾರ್ವೆಯ ಅನಿಲಕ್ಕೆ ಸಮುದ್ರದಡಿಯ ಹೊಸ ಮಾರ್ಗವನ್ನು ತೆರೆಯಿತು. ಹಂಗೇರಿಯಾದರೋ 2014ರಲ್ಲಿ ಪಾಕ್ಶ್ ಅಣುವಿದ್ಯುದಾಗಾರದ ವಿಸ್ತರಣವನ್ನು ರಷ್ಯಕ್ಕೆ ಒಪ್ಪಿಸಿತು. 2021ರಲ್ಲಿ 15 ವರ್ಷಗಳ ಅನಿಲದ ಕರಾರನ್ನೂ ಬರೆದುಕೊಟ್ಟಿತು. 1989ರಲ್ಲಿ ಸೋವಿಯೆತ್ ಸೈನ್ಯವು ತೊಲಗಲೆಂದು ಬುಡಾಪೆಸ್ಟಿನಲ್ಲಿ ಗರ್ಜಿಸಿದ ತರುಣ ಓರ್ಬಾನರೇ ಈ ಕರಾರುಗಳ ಕಾಲದ ಪ್ರಧಾನಿಗಳು!

ಇದರಿಂದ ಹೊರಡುವ ತಾತ್ಪರ್ಯವಿಷ್ಟೆ. ಪೋಲಂಡದಲ್ಲಿ ಪಕ್ಷಗಳ ಕಲಹವು ಎಷ್ಟೇ ಕಟುವಾದರೂ ರಷ್ಯದ ಭೀತಿಯು ರಾಷ್ಟ್ರದ ಸಮಾನಭಾವನೆ. ಹಂಗೇರಿಯ ನೀತಿಯು ಹೆಚ್ಚಾಗಿ ಒಂದು ಸರಕಾರದ ಆಯ್ಕೆಯಾಗಿತ್ತು. ಆದುದರಿಂದ ಸರಕಾರದ ನಡತೆಯನ್ನು ಜನತೆಯ ಸ್ವಭಾವವೆಂದೆಣಿಸುವದು ತಪ್ಪು. ಸರಕಾರಗಳು ಬದಲಾಗುವವು, ದೀರ್ಘಾವಧಿಯ ಕರಾರುಗಳು ಮುಂದಿನವರ ಕೈಗಳನ್ನೂ ಕಟ್ಟುವವು. ಇಂಧನದ ಕೀಲಿಯನ್ನು ಪರರಿಗೆ ಕೊಟ್ಟ ರಾಷ್ಟ್ರಕ್ಕೆ ತನ್ನ ಮಿತ್ರರನ್ನಾರಿಸುವ ಸ್ವಾತಂತ್ರ್ಯವೂ ಕುಗ್ಗುವದೆಂಬುದನ್ನು ಎಲ್ಲ ದೇಶಗಳ ಮುಖಂಡರೂ ನೆನೆಯತಕ್ಕದ್ದು.