ಕೂಸಿನೊಡನೆ ಗದುಗಿಗೆ

ಎಳೆಯ ಮಕ್ಕಳನ್ನು ಕಟ್ಟಿಕೊಂಡು ಊರು ಸುತ್ತಲು ಹೊರಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾನೂ ಹಾಗೆಯೇ ಹೇಳುತ್ತಿದ್ದವಳು. ಕಳೆದ ಸಂಕ್ರಾಂತಿಯಾದ ವಾರಕ್ಕೆ ಮಗ, ಸೊಸೆ ಹಾಗೂ ಎರಡು ವರ್ಷ ಮೂರು ತಿಂಗಳ ಮೊಮ್ಮಗಳೊಡನೆ ಗದುಗಿಗೆ ಹೋಗಿ ಬಂದ ಮೇಲೆ ಆ ಮಾತನ್ನು ಕೊಂಚ ತಿದ್ದಿಕೊಂಡಿದ್ದೇನೆ. ಹೋಗಬಹುದು, ಆದರೆ ಯಾರ ಅಳತೆಗೆ ಹೋಗಬೇಕೆಂಬುದನ್ನು ಮನೆಯ ಹೊಸಿಲು ದಾಟುವ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಬೆಂಗಳೂರಿನಿಂದ ರಾತ್ರಿಯ ರೈಲು. ಮಗನ ಬಳಿ ಒಂದು ಪಟ್ಟಿ ಸಿದ್ಧವಾಗಿತ್ತು. ಬೆಳಿಗ್ಗೆ ಗದುಗಿನ ತ್ರಿಕೂಟೇಶ್ವರ, ವೀರನಾರಾಯಣ; ಅಲ್ಲಿಂದ ಲಕ್ಕುಂಡಿ; ಊಟವಾದೊಡನೆ ಮುಂಡರಗಿಯ ಕಡೆಗೆ ಕಪ್ಪತಗುಡ್ಡ; ಸಂಜೆಗೆ ಶಿರಹಟ್ಟಿಯ ಫಕೀರೇಶ್ವರ ಮಠ, ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯ. ಇದೆಲ್ಲವೂ ಒಂದೇ ದಿನಕ್ಕೆ! ಪಟ್ಟಿಯನ್ನು ಓದುವುದರಲ್ಲಿಯೇ ನನಗೆ ಆಯಾಸವಾಯಿತು.

ರೈಲಿನಲ್ಲಿ ಕೂಸಿಗೆ ಎರಡು ಸಲ ಭೇದಿಯಾಯಿತು. ಸೊಸೆ ಗಾಬರಿಗೊಂಡಳು. "ದವಡೆಹಲ್ಲು ಬರುತ್ತಿರಬೇಕು, ಹೆದರಬೇಡ" ಎಂದವಳು ನಾನೇ. ಅನುಭವವುಳ್ಳವಳ ಮಾತೆಂದು ಅವಳು ಸುಮ್ಮನಾದಳು.

ತ್ರಿಕೂಟೇಶ್ವರದ ಗುಡಿಯನ್ನು ನೋಡಿ ನನ್ನ ಕಣ್ಣು ತಣಿಯಿತು. ಬ್ರಹ್ಮ, ವಿಷ್ಣು, ಮಹೇಶ್ವರರೆಂದು ಪೂಜೆಗೊಳ್ಳುವ ಮೂರು ಲಿಂಗಗಳು ಒಂದೇ ಪೀಠದ ಮೇಲೆ ನೆಲೆಸಿವೆ. ಅದೇ ಆವರಣದ ಸರಸ್ವತಿಯ ಗುಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಕಂಬಗಳನ್ನು ಬಂಗಾರದ ಒಡವೆಯಂತೆ ಕೆತ್ತಿದ್ದಾರೆ. ಕೂಸು ಮಾತ್ರ ಕಂಬದ ಬುಡದಲ್ಲಿ ಸಾಲುಗಟ್ಟಿ ನಡೆದಿದ್ದ ಇರುವೆಗಳನ್ನು ನೋಡುತ್ತ ಕುಳಿತಿತು. "ನಡಿ, ನಡಿ, ಹೊತ್ತಾಯಿತು" ಎಂದು ಮಗ ಎತ್ತಿಕೊಂಡು ಹೊರಟ. ವೀರನಾರಾಯಣ ಗುಡಿಯಲ್ಲಿ, ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ಬರೆದನೆಂಬ ಪ್ರತೀತಿಯ ಕಂಬದ ಮುಂದೆ ನಿಂತು ನಾವು ಕೈಮುಗಿಯುವಾಗ ಅದು ಅಳಲಾರಂಭಿಸಿತು.

ಹಟವೆಂದುಕೊಂಡೆವು. ಏನಾದರೂ ತಿನ್ನಿಸಿದರೆ ಸರಿಹೋದೀತೆಂದು ಬೆಟಗೇರಿಯ ಒಂದು ಭಜಿಯಂಗಡಿಯ ಮುಂದೆ ನಿಂತೆವು. ಗದಗ-ಬೆಟಗೇರಿಯ ಬದನೇಕಾಯಿ ಭಜಿಯ ಹೆಸರನ್ನು ಕೇಳದವರಾರು? ಬಾಣಲೆಯಿಂದ ಆಗತಾನೆ ಎತ್ತಿದ ಭಜಿ, ಮೆಣಸಿನಕಾಯಿಯ ಮಿರ್ಚಿ, ಪುಠಾಣಿಹಿಟ್ಟು ಉದುರಿಸಿ ಕಲಸಿದ ಗಿರ್ಮಿಟ್. ನಮ್ಮ ನಾಲಗೆಗೆ ಹಬ್ಬವಾಯಿತು. ಗಿರ್ಮಿಟ್ಟಿನಿಂದ ಒಂದು ಶೇಂಗಾಕಾಳು ಹೆಕ್ಕಿ ಕೂಸಿನ ಬಾಯಿಗಿಡಲು ನಾನು ಕೈ ಚಾಚಿದೆ.

"ಬ್ಯಾಡ್ರೀ ಅಮ್ಮಾರ, ಇಡೀ ಕಾಳು ಕೊಡಬ್ಯಾಡ್ರಿ, ಗಂಟಲಾಗ ಸಿಗತೈತಿ" ಎಂದಳು ಭಜಿ ಕರಿಯುತ್ತಿದ್ದಾಕೆ. ಬಳಿಕ ಕೂಸಿನ ಮುಖವನ್ನೇ ನಿಟ್ಟಿಸಿ, "ಇಷ್ಟೊತ್ತಿನಿಂದ ಅಳಾಕತ್ತೈತಿ, ಕಣ್ಣಾಗ ಹನಿ ನೀರಿಲ್ಲಲ್ರೀ. ಮುಂಜಾನಿಂದ ಒಂದಕ್ಕ ಮಾಡೇತೇನು?" ಎಂದು ಕೇಳಿದಳು.

ನಾವು ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಮಾಡಿರಲಿಲ್ಲ. ಕಲ್ಲಿನ ಕಂಬದ ಸೂಕ್ಷ್ಮವನ್ನೆಲ್ಲ ಕಂಡ ನಮ್ಮ ಕಣ್ಣಿಗೆ ಮಡಿಲ ಕೂಸಿನ ಒಣಗಿದ ತುಟಿ ಕಂಡಿರಲಿಲ್ಲ.

ಮಕ್ಕಳ ವೈದ್ಯರಲ್ಲಿಗೆ ಓಡಿದೆವು. ಅವರು ಗದರಿಸಲಿಲ್ಲ, ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. ಹಲ್ಲು ಬರುವುದರಿಂದ ಭೇದಿಯಾಗುವುದಿಲ್ಲವೆಂದು ನನಗೆ ತಿಳಿಯಹೇಳಿದರು. ಆರು ಗಂಟೆ ಕಳೆದರೂ ಮೂತ್ರವಾಗದಿರುವುದು, ಕಣ್ಣೀರಿಲ್ಲದ ಅಳು, ಒಣಗಿದ ಬಾಯಿ, ಗುಳಿಬಿದ್ದ ಕಣ್ಣು ಇವೆಲ್ಲ ಮೈಯ ನೀರು ಬತ್ತಿದ ಗುರುತುಗಳು. ಮಗು ಮಂಕಾಗಿ ಎಚ್ಚರವೇ ಬಾರದಂತೆ ಮಲಗಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ಪುಣ್ಯ, ಅಷ್ಟಕ್ಕೆ ಹೋಗಿರಲಿಲ್ಲ. ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕದಡಿ, ಚಮಚೆಯಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಬೇಕು, ಲೋಟದಲ್ಲಿ ಅಂದಾಜಿನಿಂದ ಕಲಸಬಾರದು, ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಕೊಡಬೇಕು, ಊಟವನ್ನು ನಿಲ್ಲಿಸಬಾರದು. ಶೇಂಗಾ, ಕಡಲೆಯಂಥ ಇಡೀ ಕಾಳನ್ನು ನಾಲ್ಕು ತುಂಬುವವರೆಗೆ ಕೊಡಕೂಡದೆಂದು ಅವರೂ ಹೇಳಿದರು. ಭಜಿಯಂಗಡಿಯಾಕೆಯ ಮಾತಿಗೆ ವೈದ್ಯರ ಮುದ್ರೆಯೂ ಬಿತ್ತು.

ವಸತಿಗೃಹದ ಕೋಣೆಯಲ್ಲಿ ಅತ್ತೆ ಸೊಸೆ ಸರದಿಯ ಮೇಲೆ ಚಮಚೆ ಹಿಡಿದು ಕುಳಿತೆವು. ಮಗ ತನ್ನ ಪಟ್ಟಿಯನ್ನು ಮತ್ತೆ ತೆಗೆಯಲಿಲ್ಲ. ಸಂಜೆ ಐದರ ಸುಮಾರಿಗೆ ಕೂಸು ನನ್ನ ಹೊಸ ಇಳಕಲ್ ಸೀರೆಯನ್ನು ತೊಯ್ಯಿಸಿತು. ಸೀರೆ ಹಾಳಾಯಿತೆಂದು ಅಷ್ಟೊಂದು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು!

ಮರುದಿನ ಎಲ್ಲಿಯೂ ಹೋಗಲಿಲ್ಲ. ಖಾನಾವಳಿಯಿಂದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ತರಿಸಿಕೊಂಡು ನಾವು ಉಂಡೆವು. ಕೂಸಿಗೆ ಮೆತ್ತಗಿನ ಅನ್ನ, ಮಜ್ಜಿಗೆ, ಬಾಳೆಹಣ್ಣು. ರೊಟ್ಟಿಯ ನಡುವಿನ ಮೆದುಭಾಗವನ್ನು ಬಿಸಿನೀರಿನಲ್ಲಿ ನೆನೆಸಿ, ಚಿವುಟಿ ಕೊಟ್ಟರೆ ಚಪ್ಪರಿಸಿ ತಿಂದಿತು. ಊರಿನ ರುಚಿ ಅದಕ್ಕೂ ಸಂದಿತು. ಖಾರವೊಂದು ನಮ್ಮ ಪಾಲಿಗೆ ಉಳಿಯಿತು.

ಮೂರನೆಯ ದಿನ ಗೆಲುವಾದ ಮೇಲೆ ಒಂದೇ ಒಂದು ಸ್ಥಳವನ್ನು ಆರಿಸಿದೆವು: ಸುಮಾರು 26 ಕಿಲೋಮೀಟರ್ ದೂರದಲ್ಲಿರುವ, ಶಿರಹಟ್ಟಿ ಹಾಗೂ ಲಕ್ಷ್ಮೇಶ್ವರಗಳಿಗೆ ಹತ್ತಿರದ ಮಾಗಡಿ ಕೆರೆ. 2024ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದ ಜೌಗುನೆಲವಿದು. ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳುಳ್ಳ ಹೆಬ್ಬಾತುಗಳು ಹಿಮಾಲಯದ ಆಚೆಯಿಂದ ಹಾರಿಬಂದು ಚಳಿಗಾಲವನ್ನು ಇಲ್ಲಿ ಕಳೆಯುತ್ತವೆ. ಸುತ್ತಲ ಹೊಲಗಳಲ್ಲಿ ಮೇಯ್ದು ಹಿಂಡುಹಿಂಡಾಗಿ ನೀರಿಗೆ ಇಳಿಯುತ್ತಿದ್ದುವು. ಕೂಸು ದಂಡೆಯ ಮೇಲೆ ಕುಳಿತು, ಒಂದೊಂದು ಹಿಂಡು ಇಳಿದಾಗಲೂ "ಬಂತು! ಬಂತು!" ಎಂದು ಚಪ್ಪಾಳೆ ತಟ್ಟಿತು. ಯಾರೂ "ನಡಿ, ನಡಿ" ಎನ್ನಲಿಲ್ಲ. ಎರಡು ಗಂಟೆ ಕುಳಿತೆವು. ಮಗನೂ ಕೊನೆಗೆ ಚಪ್ಪಾಳೆ ತಟ್ಟುತ್ತಿದ್ದ.

ಅತ್ತಿಮಬ್ಬೆ ಕಟ್ಟಿಸಿದ ಲಕ್ಕುಂಡಿಯ ಬಸದಿ, ಲಕ್ಷ್ಮೇಶ್ವರದ ಸೋಮೇಶ್ವರ, ಮುಂಡರಗಿಯ ದಾರಿ ಎಲ್ಲವೂ ಉಳಿದುಹೋದುವು. ಉಳಿಯಲಿ. ಶತಮಾನಗಳನ್ನು ಕಂಡ ಗುಡಿಗಳು ಇನ್ನೆರಡು ವರ್ಷ ನಮಗಾಗಿ ಕಾಯದೆ ಇರವು.

ಓದುಗ ಸೋದರಿಯರೇ, ಕೂಸಿನೊಡನೆ ಹೊರಟರೆ ದಿನಕ್ಕೊಂದೇ ಸ್ಥಳ ಸಾಕು. ಚೀಲದಲ್ಲಿ ಎರಡು ಓಆರ್‌ಎಸ್ ಪೊಟ್ಟಣ, ಕುದಿಸಿ ಆರಿಸಿದ ನೀರು, ಒಂದು ಚಮಚೆ ಇರಲಿ. ಮತ್ತೆ, ಹಿರಿಯಳೆಂಬ ಬಿಗುಮಾನವನ್ನು ಮನೆಯಲ್ಲಿಯೇ ಬಿಟ್ಟು ಹೊರಡಿ. ಹೊರಡುವ ದಿನ ನಾವು ಬೆಟಗೇರಿಯ ಆ ಅಂಗಡಿಗೆ ಮತ್ತೆ ಹೋದೆವು. ಆಕೆ ಭಜಿಗೆ ಹಣ ತೆಗೆದುಕೊಂಡಳು. ಮಾಡಿದ ಉಪಕಾರಕ್ಕೆ ಮಾತ್ರ, ಕೂಸಿನ ಕೆನ್ನೆಯನ್ನೊಮ್ಮೆ ಚಿವುಟಿ, "ಮತ್ತ ಬರ್ರಿ" ಎಂದಳು.