ಸಿಹಿಗೆ ಸೋತ ನಾಲಿಗೆ

"ಕುಡ್ದು ನೋಡಿ ಚಿಕ್ಕಪ್ಪ, ಥೇಟು ಕಾಯೊಬ್ಬಟ್ಟು ತಿಂದಂಗೇ ಐತೆ. ಹತ್ತಕ್ಕೆ ಹತ್ತು ಕೊಡಬೌದು." ಮಂಡ್ಯ ಜಿಲ್ಲೆಯ ನಮ್ಮ ಮಾಕವಳ್ಳಿ ಕಡೆಯ ಹುಡುಗನೊಬ್ಬ ಬೆಂಗಳೂರಿನ ಮೈಕ್ರೋಬ್ರೂವರಿಯೊಂದರಲ್ಲಿ ಬೆಲ್ಲ, ತೆಂಗಿನಕಾಯಿ, ಏಲಕ್ಕಿಯ ಪರಿಮಳವಿದ್ದ ಬಿಯರ್ ಲೋಟವನ್ನು ನನ್ನ ಕಡೆ ಸರಿಸುತ್ತ ಹೇಳಿದ ಮಾತಿದು. ಅವನ ಖುಷಿಯ ಬಗ್ಗೆ ನನ್ನ ತಕರಾರಿಲ್ಲ, ಅವನು ಕೊಟ್ಟ ಅಂಕದ ಬಗ್ಗೆ ಇದೆ. ಒಂದು ಪಾನೀಯ ಕಾಯೊಬ್ಬಟ್ಟನ್ನು ಹೋಲುತ್ತದೆ ಎಂದರೆ ಅದರ ಗುರುತು ಸಿಕ್ಕಿತು ಎಂದಷ್ಟೇ ಅರ್ಥ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆ ಇನ್ನೂ ಎದ್ದೇ ಇಲ್ಲ. ಈಗ ಬಹಳ ಜನ ಈ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ. ಅದರಿಂದ ಹಾಳಾಗುವುದು ಬಿಯರ್ ಒಂದೇ ಅಲ್ಲ ಎಂಬುದು ನನ್ನ ವಾದ.

ಲ್ಯಾವೆಲ್ಲೆ ರಸ್ತೆಯಲ್ಲಿ ಬೆಂಗಳೂರಿನ ಮೊದಲ ಮೈಕ್ರೋಬ್ರೂವರಿ ಬಾಗಿಲು ತೆರೆದದ್ದು 2011ರಲ್ಲಿ. ಅಲ್ಲಿಯವರೆಗೆ ನಮಗೆ ಬಿಯರ್ ಎಂದರೆ ಬಾಟಲಿಯ ಲೇಗರ್, ಅದೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಆಮೇಲೆ ಗೋಧಿಯ ಬಿಯರ್ ಬಂತು, ಕಪ್ಪು ಸ್ಟೌಟ್ ಬಂತು, ನಮ್ಮದೇ ಮಾವು, ಕಾಫಿ, ಬೆಲ್ಲ ಹಾಕಿದವೂ ಬಂದವು. ಅಮೆರಿಕದಲ್ಲಿ ಇದರದ್ದೇ ಒಂದು ಜಾತಿ ಬೆಳೆದು 'ಪೇಸ್ಟ್ರಿ ಸ್ಟೌಟ್' ಎಂಬ ಹೆಸರು ಪಡೆದಿದೆ. ಕೇಕು, ಬಿಸ್ಕತ್ತು, ಕ್ಯಾರಮೆಲ್, ವೆನಿಲ್ಲಾ ಎಲ್ಲವೂ ಲೋಟಕ್ಕೆ ಇಳಿದಿವೆ. ಆ ಗಾಳಿ ಇಲ್ಲಿಗೂ ಬೀಸಿದೆ.

ಕಬ್ಬಿನ ಸೀಮೆಯವರು ಈ ವಿಷಯದಲ್ಲಿ ಉಳಿದವರಿಗಿಂತ ಜಾಣರಾಗಿರಬೇಕು, ಏಕೆಂದರೆ ಸಿಹಿ ಹುದುಗಿದರೆ ಏನಾಗುತ್ತದೆಂದು ನಮಗೆ ಗೊತ್ತು. ಸಕ್ಕರೆ ಕಾರ್ಖಾನೆಯ ಕೊನೆಯ ಕಾಕಂಬಿಯಲ್ಲಿ ಅರ್ಧದಷ್ಟು ಸಕ್ಕರೆ ಉಳಿದಿರುತ್ತದೆ. ನೀರು ಬೆರೆಸಿ ಯೀಸ್ಟ್ ಹಾಕಿದರೆ ಅದು ಆ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಬಿಯರಿಗೆ ಹಾಕಿದ ಬೆಲ್ಲದ ಗತಿಯೂ ಇದೇ. ಬೆಲ್ಲದ ಬಹುಭಾಗ ಸುಕ್ರೋಸ್, ಯೀಸ್ಟಿಗೆ ಅದು ಬಲು ಸಲೀಸಾದ ಊಟ. ಆದ್ದರಿಂದ ಹುದುಗುವ ಮೊದಲು ಬೆಲ್ಲ ಹಾಕಿ ಸರಿಯಾಗಿ ಹುದುಗಿಸಿದ ಬಿಯರ್ ಸಿಹಿಯಾಗುವುದಿಲ್ಲ. ಅದು ಇನ್ನೂ ತೆಳುವಾಗಿ, ಒಣಗಿದಂತೆ ಇರುತ್ತದೆ. ಉಳಿಯುವುದು ಬೆಲ್ಲದ ನೆರಳು ಮಾತ್ರ: ಕೊಪ್ಪರಿಗೆಯ ತಳದ ಕಮ್ಮನೆ ಸುಟ್ಟ ವಾಸನೆ, ನಾಲಿಗೆಯ ಹಿಂದೆ ಒಂದಿಷ್ಟು ಖನಿಜದ ಉಪ್ಪು. ಬೆಲ್ಲದ ಬಿಯರ್ ಎಂದು ಕೊಟ್ಟ ಲೋಟ ಪಾಯಸದಷ್ಟು ಸಿಹಿಯಾಗಿದ್ದರೆ ಆ ಸಿಹಿ ಬೇರೆ ಕಡೆಯಿಂದ ಬಂದಿರಬೇಕು. ಒಂದೋ ಹುದುಗು ಮುಗಿದ ಮೇಲೆ ಪಾಕ ಸುರಿದಿದ್ದಾರೆ, ಇಲ್ಲವೇ ಲ್ಯಾಕ್ಟೋಸ್ ಹಾಕಿದ್ದಾರೆ.

ಲ್ಯಾಕ್ಟೋಸ್ ಎಂದರೆ ಹಾಲಿನ ಸಕ್ಕರೆ. ಬಿಯರಿನ ಯೀಸ್ಟಿಗೆ ಅದು ದಕ್ಕುವುದಿಲ್ಲ, ಹಾಗಾಗಿ ಹಾಕಿದಷ್ಟೂ ಲೋಟದಲ್ಲೇ ಉಳಿಯುತ್ತದೆ. ಇದೇನು ನಿನ್ನೆಯ ಕುತಂತ್ರವಲ್ಲ. 20ನೇ ಶತಮಾನದ ಮೊದಲ ದಶಕದಲ್ಲೇ ಇಂಗ್ಲೆಂಡಿನ ಮ್ಯಾಕೆಸನ್ ಕಂಪನಿ ಹಾಲಿನ ಸಕ್ಕರೆಯ ಸ್ಟೌಟ್ ಮಾರಿ ಹೆಸರು ಮಾಡಿತ್ತು. ಒಳ್ಳೆಯ ಮಿಲ್ಕ್ ಸ್ಟೌಟಿನಲ್ಲಿ ಹುರಿದ ಬಾರ್ಲಿಯ ಕಹಿ ಮುಂದೆ ನಿಂತಿರುತ್ತದೆ, ಹಾಲಿನ ಸಕ್ಕರೆ ಹಿಂದಿನಿಂದ ಅದರ ಮೊನಚು ತಗ್ಗಿಸುತ್ತದೆ. ಸಿಹಿ ಅಲ್ಲಿ ಕೆಲಸ ಮಾಡುತ್ತಿದೆ. ನನ್ನ ತಕರಾರು ಕೆಲಸವಿಲ್ಲದೆ ಬಂದು ಕೂತ ಸಿಹಿಯ ಮೇಲೆ.

ಸಿಹಿತಿಂಡಿಯ ನೆನಪು ತರಲು ಬಿಯರಿಗೆ ಸಿಹಿತಿಂಡಿಯೇ ಬೇಕಿಲ್ಲ ಎನ್ನುವುದು ಇನ್ನೂ ಸೊಗಸಾದ ಸಂಗತಿ. ಜರ್ಮನ್ ಮಾದರಿಯ ಗೋಧಿ ಬಿಯರಿನಲ್ಲಿ ಮಾಗಿದ ಬಾಳೆಹಣ್ಣಿನ ವಾಸನೆ ಬರುತ್ತದೆ, ಆದರೆ ಅದರೊಳಗೆ ಬಾಳೆಹಣ್ಣೇ ಇಲ್ಲ. ಯೀಸ್ಟ್ ಹುಟ್ಟಿಸುವ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರ್ ಅದನ್ನು ಕೊಡುತ್ತದೆ. ಅದರ ಜೊತೆಗೆ ಬರುವ ಲವಂಗದ ಘಾಟೂ ಯೀಸ್ಟಿನದೇ. ಬಾರ್ಲಿ ಮಾಲ್ಟನ್ನು ಕಪ್ಪಗೆ ಹುರಿದರೆ ಕಾಫಿ, ಚಾಕೊಲೇಟು; ಹದವಾಗಿ ಕಾಯಿಸಿದರೆ ಬ್ರೆಡ್ಡಿನ ಅಂಚು, ಕ್ಯಾರಮೆಲ್. ರವೆ ಹುರಿಯುವಾಗ ಅಡುಗೆಮನೆಯಲ್ಲಿ ನಡೆಯುವ ರಸಾಯನಕ್ರಿಯೆಯೇ ಅಲ್ಲೂ ನಡೆಯುತ್ತದೆ. ಇಂಥ ಬಿಯರನ್ನು ಮೂಗಿಗೆ ಹಿಡಿದಾಗ ಒಂದು ಪರಿಮಳ ಇನ್ನೊಂದರೊಳಗೆ ಕರಗಿರುತ್ತದೆ. ಎಸೆನ್ಸ್ ಸುರಿದ ಬಿಯರಿನಲ್ಲಿ ವೆನಿಲ್ಲಾ ಬೇರೆಯಾಗಿ, ಬಿಯರ್ ಬೇರೆಯಾಗಿ ನಿಂತಿರುತ್ತವೆ. ತಣ್ಣಗಿದ್ದಾಗ ಇದು ಗೊತ್ತಾಗುವುದಿಲ್ಲ, ಏಕೆಂದರೆ ತಣ್ಣನೆಯದು ನಾಲಿಗೆಯನ್ನು ಮರಗಟ್ಟಿಸುತ್ತದೆ. ಆದ್ದರಿಂದ ಸ್ಟೌಟನ್ನು ಅರ್ಧ ಕುಡಿದು ಉಳಿದರ್ಧವನ್ನು ಹತ್ತು ಹದಿನೈದು ನಿಮಿಷ ಮೇಜಿನ ಮೇಲೆ ಬಿಡಬೇಕು. ಚಳಿ ಬಿಟ್ಟ ಮೇಲೂ ಎರಡನೆಯ ಅರ್ಧ ಕುಡಿಯಬೇಕು ಅನಿಸಿದರೆ ಅದು ಬಿಯರ್. ಮೊದಲ ಗುಟುಕಿಗೆ 'ವಾವ್' ಅನಿಸಿ ನಾಲ್ಕನೆಯದಕ್ಕೆ ಬಾಯಿ ಕಟ್ಟಿದರೆ ಅದಕ್ಕೆ ಅಂಕ ಕೊಡಲು ನಾನು ತಯಾರಿಲ್ಲ.

ಅಂಕ ಕೊಡುವುದಕ್ಕೂ ಒಂದು ಕ್ರಮವಿದೆ. 1985ರಲ್ಲಿ ಅಮೆರಿಕದಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ ಎಂಬ ಸಂಸ್ಥೆಯ ಹಾಳೆಯಲ್ಲಿ ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಗುವ ಹದಕ್ಕೆ 5, ಒಟ್ಟಾರೆ ಪರಿಣಾಮಕ್ಕೆ 10. ನೋಟಕ್ಕೆ ಮೂರೇ ಅಂಕ ಎನ್ನುವುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಹಣ್ಣು, ಮಸಾಲೆ, ಸಿಹಿ ಬೆರೆಸಿದ ಬಿಯರುಗಳನ್ನು ಈ ಸಂಸ್ಥೆ ಹೊರಗಿಟ್ಟಿಲ್ಲ. ಬೆರೆಸಿದ್ದು ಮೂಲ ಬಿಯರಿನ ಜೊತೆ ಹೊಂದಿಕೊಂಡಿರಬೇಕು ಎಂದು ಮಾತ್ರ ಕೇಳುತ್ತದೆ. ನಾನು ಕೇಳುವುದೂ ಅಷ್ಟೇ.

ಇದಕ್ಕೆ ಎದುರಾಗಿ ಬರುವ ಒಂದು ವಾದವನ್ನು ನಾನು ಗೌರವಿಸುತ್ತೇನೆ. ಬಿಯರ್ ಹೀಗೆಯೇ ಇರಬೇಕೆಂದು ಬರೆದವರು ಯುರೋಪು, ಅಮೆರಿಕದವರು. ಅವರ ಹಾಳೆಯಲ್ಲಿ ಒಬ್ಬಟ್ಟಿಗೆ ಜಾಗವಿಲ್ಲ. ನಮ್ಮ ಹುಡುಗರು ನಮ್ಮ ಬೆಲ್ಲ, ನಮ್ಮ ಏಲಕ್ಕಿ ಹಾಕಿ ನಮ್ಮದೇ ಒಂದು ಬಗೆ ಮಾಡಿದರೆ ಅದನ್ನು ಹೊರಗಿನವರ ತಕ್ಕಡಿಯಲ್ಲಿ ಏಕೆ ತೂಗಬೇಕು? ಈ ಮಾತಿನಲ್ಲಿ ಹುರುಳಿದೆ. ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದೆಂದ 1516ರ ಬವೇರಿಯಾದ ಕಾನೂನು ಕೂಡ ರುಚಿಗೆ ಕಟ್ಟಿದ ಗುಡಿಯಲ್ಲ. ಗೋಧಿಯನ್ನು ಬ್ರೆಡ್ಡಿಗೆ ಉಳಿಸುವ ಲೆಕ್ಕಾಚಾರ, ಬೆಲೆ ಕಟ್ಟುವ ಉದ್ದೇಶ ಅದರೊಳಗಿತ್ತು. ಅದನ್ನು ವೇದವಾಕ್ಯ ಮಾಡಿಕೊಳ್ಳುವ ಅಗತ್ಯ ನಮಗಿಲ್ಲ. ಆದರೆ ನಮ್ಮದೇ ತಕ್ಕಡಿ ಬೇಕೆನ್ನುವವರು ಆ ತಕ್ಕಡಿಯನ್ನು ಮಾಡಲೇಬೇಕು. 'ಒಬ್ಬಟ್ಟಿನಂತಿದೆ' ಎಂಬುದು ತಕ್ಕಡಿಯಾಗಲಾರದು. ಒಬ್ಬಟ್ಟನ್ನು ತೂಗುವಾಗ ನಮ್ಮ ಅಜ್ಜಿಯರಿಗೆ ನಿಷ್ಠುರವಾದ ಅಳತೆಗಳಿದ್ದವು: ಕಣಕ ನಾದಿದ್ದು ಸಾಕೇ, ಹೂರಣ ನೀರಾಯಿತೇ, ಏಲಕ್ಕಿ ಹೆಚ್ಚಾಯಿತೇ. ನಮ್ಮ ಸಂಪ್ರದಾಯ ಎಂದರೆ ಆ ನಿಷ್ಠುರತೆಯೂ ಸೇರುತ್ತದೆ.

'ರುಚಿ ಅವರವರ ನಾಲಿಗೆಗೆ ಬಿಟ್ಟದ್ದು' ಎನ್ನುವವರು ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದ ದಿನ ಆ ಮಾತು ಆಡುವುದಿಲ್ಲ.

ಅಳತೆ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಬೆಂಗಳೂರಿನ ಪಬ್ಬಿನವರೆಗೆ ಹೋಗಬೇಕಿಲ್ಲ. ಮಂಡ್ಯ ಜಿಲ್ಲೆಯ ಬೆಲ್ಲವನ್ನೇ ನೋಡಿ. ಕೇಂದ್ರ ಸರ್ಕಾರದ 'ಒಂದು ಜಿಲ್ಲೆ, ಒಂದು ಉತ್ಪನ್ನ' ಯೋಜನೆಯಲ್ಲಿ ಮಂಡ್ಯದ ಹೆಸರಿಗೆ ಬರೆದಿರುವುದು ಬೆಲ್ಲವನ್ನೇ. ಮಾಕವಳ್ಳಿಯ ಕೋರಮಂಡಲ್ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಸಾಲುಗಟ್ಟುವ ಕಾಲದಲ್ಲೇ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಊರುಗಳಲ್ಲಿ ಆಲೆಮನೆಗಳ ಹೊಗೆಯೂ ಏಳುತ್ತಿರುತ್ತದೆ. ಕಾರ್ಖಾನೆಗೆ ಬೇಕಾದದ್ದು ಸಕ್ಕರೆಯ ಇಳುವರಿ, ಅದರ ಲೆಕ್ಕ ಅದಕ್ಕೆ ಸರಿ. ಬೆಲ್ಲದ ಲೆಕ್ಕ ಬೇರೆ.

ಒಂದು ಆಲೆಮನೆಯ ಕೊಪ್ಪರಿಗೆಯ ಪಕ್ಕ ನಿಂತು ನೋಡಿ. ಗಾಣದಿಂದ ಬಂದ ಕಬ್ಬಿನ ಹಾಲು ಕುದಿಯತೊಡಗಿದಾಗ ಕಲ್ಮಶ ಮೇಲೆ ಬರುತ್ತದೆ. ಹಿಂದೆ ಬೆಂಡೆಗಿಡದ ಲೋಳೆ ಹಾಕಿ ಅದನ್ನು ಒಟ್ಟುಗೂಡಿಸಿ ತೆಗೆಯುತ್ತಿದ್ದರು. ಉಕ್ಕಿದರೆ ಒಂದಿಷ್ಟು ಹರಳೆಣ್ಣೆ ಚಿಮುಕಿಸುತ್ತಿದ್ದರು. ಹೆಚ್ಚುಕಡಿಮೆ 118 ಡಿಗ್ರಿ ಮುಟ್ಟಿದಾಗ ಪಾಕ ಬರುತ್ತದೆ, ಆದರೆ ಬೆಲ್ಲ ಬೇಯಿಸುವವನ ಕೈಯಲ್ಲಿ ಥರ್ಮಾಮೀಟರ್ ಇರುವುದಿಲ್ಲ. ಅವನು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಅಂಚಿಗೆ ಹೊಡೆದು ಟಣ್ ಎನ್ನುತ್ತದೆಯೇ ಎಂದು ಕಿವಿಯಲ್ಲಿ ಕೇಳಿ ಇಳಿಸುತ್ತಾನೆ. ಅರ್ಧ ನಿಮಿಷ ತಡವಾದರೆ ಸೀದ ಕಹಿ, ಬೇಗ ಇಳಿಸಿದರೆ ಅಚ್ಚು ಕೂರುವುದಿಲ್ಲ. ನಾಲೆಯ ಕೊನೆಯ ಸವುಳು ಜಮೀನಿನ ಕಬ್ಬಾದರೆ ಬೆಲ್ಲ ಉಪ್ಪುಪ್ಪಾಗುತ್ತದೆ, ಗೊಬ್ಬರ ಅತಿಯಾದರೂ ಹಾಗೆಯೇ. ದಶಕಗಳ ಕಾಲ ಮಂಡ್ಯದ ಗದ್ದೆಗಳನ್ನು ಆಳಿದ ಸಿಒ 62175 ತಳಿಗೂ, ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ ವಿಸಿಎಫ್ 0517 ತಳಿಗೂ ಬೆಲ್ಲ ಬೇರೆ. ಒಂದು ಅಚ್ಚು ಮುರಿದು ಬಾಯಿಗೆ ಹಾಕಿಕೊಂಡರೆ ಮಣ್ಣು, ತಳಿ, ಬೆಂಕಿ, ಬೇಯಿಸಿದವನ ಕೈ ನಾಲ್ಕೂ ಸಿಗುತ್ತವೆ.

ಇಷ್ಟೆಲ್ಲ ರುಚಿಯಿರುವ ಪದಾರ್ಥವನ್ನು ನಮ್ಮ ಮಾರುಕಟ್ಟೆ ತೂಗುವುದು ಕಣ್ಣಿನಿಂದ! ಅಚ್ಚು, ಕುರಿಕಟ್ಟು, ಬಕೆಟ್ ಎಂಬ ಆಕಾರದ ಹೆಸರುಗಳ ಜೊತೆಗೆ ಬಣ್ಣ. ಹಳದಿಯಾದಷ್ಟೂ ಬೆಲೆ, ಕಂದು ಬಣ್ಣಕ್ಕೆ ಬೆಲೆಯಿಲ್ಲ. ಬಿಯರಿನ ಹಾಳೆಯಲ್ಲಿ 50ಕ್ಕೆ 3 ಅಂಕ ಪಡೆಯುವ ನೋಟಕ್ಕೆ ಇಲ್ಲಿ ಪೂರಾ ಅಂಕ. ಫಲವೇನಾಯಿತು? ಕೊಪ್ಪರಿಗೆಗೆ ಹೈಡ್ರೋಸ್ ಬಂತು. ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಈ ಪುಡಿ ಬಣ್ಣ ಕಳೆಯುತ್ತದೆ, ಹಿಂದೆ ಗಂಧಕದ ಅಂಶ ಬಿಡುತ್ತದೆ. ಆಮೇಲೆ ಬಣ್ಣಕ್ಕಾಗಿ, ಲಾಭಕ್ಕಾಗಿ ಕೆಲವೆಡೆ ಸಕ್ಕರೆಯನ್ನೇ ಸುರಿದು ಕುದಿಸುವುದೂ ಬಂತು. ಆಲೆಮನೆಯವರನ್ನು ಬೈಯುವುದು ಸುಲಭ. ಕಂದು ಬೆಲ್ಲವನ್ನು ಅಂಗಡಿಯಲ್ಲಿ ಬೆರಳಿಂದ ಆಚೆ ತಳ್ಳಿದವರು ಯಾರು? ನಾವು. ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡುವ ವ್ಯವಧಾನವಿಲ್ಲದ ನಾವು. ತಿನ್ನುವವನು ಯಾವುದಕ್ಕೆ ಅಂಕ ಕೊಡುತ್ತಾನೋ ಮಾಡುವವನು ಅದನ್ನೇ ಮಾಡುತ್ತಾನೆ. ಬಣ್ಣಕ್ಕೆ ಅಂಕ ಕೊಟ್ಟೆವು, ಬೆಲ್ಲ ಕೆಟ್ಟಿತು. ಸಿಹಿಗೆ ಅಂಕ ಕೊಡುತ್ತಿದ್ದೇವೆ, ಬಿಯರೂ ಅದೇ ದಾರಿ ಹಿಡಿಯುತ್ತದೆ. ಪಾಕ ಸುರಿದರೆ ಸಾಕು ಜನ ಮೆಚ್ಚುತ್ತಾರೆ ಎಂದಾದ ಮೇಲೆ ಮಾಲ್ಟನ್ನು ಹದವಾಗಿ ಹುರಿಸಿ ತರಲು, ಯೀಸ್ಟಿನ ಶಾಖ ಕಾಯಲು ಯಾರಿಗೆ ಬೇಕು?

ಇನ್ನೊಂದು ಆಕ್ಷೇಪ ನಮ್ಮ ಹಳ್ಳಿಯ ಹೆಣ್ಣುಮಕ್ಕಳದ್ದು, ಅದು ಎಲ್ಲಕ್ಕಿಂತ ಭಾರವಾದದ್ದು. ಕುಡಿತದಿಂದ ಮನೆಗಳು ಮುಳುಗಿದ್ದನ್ನು ಕಂಡವರು ಅವರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ನಿಟ್ಟುಸಿರು ಬಿಟ್ಟವರೂ ಅವರೇ. ಮದ್ಯದ ರುಚಿಯ ಬಗ್ಗೆ ಸಾವಿರ ಮಾತು ಬರೆಯುವ ದರ್ದೇನು ಎಂದು ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ಸಿಹಿಯ ಮೇಲಿನ ನನ್ನ ಅನುಮಾನಕ್ಕೆ ಅವರ ಆತಂಕವೂ ಒಂದು ಕಾರಣ. ಕಹಿ ಮತ್ತು ಮದ್ಯಸಾರದ ಬಿಸಿ ಕುಡಿಯುವವನಿಗೆ ತಾನು ಏನು ಕುಡಿಯುತ್ತಿದ್ದೇನೆ ಎಂದು ಹೇಳುತ್ತಿರುತ್ತವೆ. ಸಿಹಿ ಅವೆರಡರ ಬಾಯಿಯನ್ನೂ ಮುಚ್ಚುತ್ತದೆ. ಅಮೆರಿಕದ ಪೇಸ್ಟ್ರಿ ಸ್ಟೌಟುಗಳಲ್ಲಿ ಮದ್ಯಸಾರ ಶೇ. 10-12 ಇರುವುದು ಸಾಮಾನ್ಯ. ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಬಿಯರಿನ ಮಿತಿ ಶೇ. 8. ಅಷ್ಟರಲ್ಲೂ ಪಾಯಸದಂತೆ ಇಳಿಯುವ ಲೋಟ ಎರಡನೆಯದನ್ನು, ಮೂರನೆಯದನ್ನು ಕರೆಯುತ್ತದೆ. ಹದ ನೋಡಿ, ಅರ್ಧದಲ್ಲಿ ನಿಲ್ಲಿಸಿ, ಮೂಸಿ ಕುಡಿಯುವವನು ಕಡಿಮೆ ಕುಡಿಯುತ್ತಾನೆ. ಕುಡಿಯದೆ ಇರುವವನಷ್ಟು ಕ್ಷೇಮ ಅವನೂ ಅಲ್ಲ, ಅದನ್ನು ಒಪ್ಪುತ್ತೇನೆ.

ರುಚಿಯನ್ನು ಕ್ರಮವಾಗಿ ತೂಗುವುದು ಕರ್ನಾಟಕಕ್ಕೆ ಹೊಸದೇನಲ್ಲ. ಕಾಫಿ ಮಂಡಳಿ ಬಟ್ಟಲಿನ ರುಚಿ ನೋಡಿ ಕಾಫಿಗೆ ದರ್ಜೆ ಕೊಡುತ್ತದೆ, 2002ರಿಂದ ಒಳ್ಳೆಯ ಬಟ್ಟಲಿಗೆ ಪ್ರಶಸ್ತಿಯನ್ನೂ ಕೊಡುತ್ತ ಬಂದಿದೆ. ಚಿಕ್ಕಮಗಳೂರು, ಕೊಡಗಿನ ಬೆಳೆಗಾರನಿಗೆ ತನ್ನ ತೋಟದ ಕಾಫಿಯ ಹುಳಿ ಎಷ್ಟು, ಮೈ ಎಷ್ಟು ಎಂದು ಹೇಳುವವರಿದ್ದಾರೆ. ಮಂಡ್ಯದ ಬೆಲ್ಲಕ್ಕೂ ಅಂಥದೊಂದು ನಾಲಿಗೆಯ ಪರೀಕ್ಷೆ ಬೇಕು. ಮಂಡ್ಯದ ಎಪಿಎಂಸಿಯಲ್ಲಿ ಬಣ್ಣದ ಪಕ್ಕದಲ್ಲಿ ರುಚಿಗೂ ಒಂದು ಕಾಲಂ ಬರಲಿ, ಆ ಪರೀಕ್ಷೆಯ ಪಂಕ್ತಿಯಲ್ಲಿ ಬೆಲ್ಲ ಬೇಯಿಸುವವರಿಗೂ ಜಾಗವಿರಲಿ. ಬೆಂಗಳೂರಿನಲ್ಲಿ ಬೆಲ್ಲದ ಬಿಯರ್ ತರಿಸುವ ನಮ್ಮ ಹುಡುಗರು ಲೋಟ ಕೊಟ್ಟವರನ್ನು ಎರಡು ಪ್ರಶ್ನೆ ಕೇಳಲಿ: ಬೆಲ್ಲ ಯಾವ ಊರಿನದು, ಅದನ್ನು ಹುದುಗುವ ಮೊದಲು ಹಾಕಿದಿರೋ ಆಮೇಲೆ ಹಾಕಿದಿರೋ? ಉತ್ತರ ಬಂದ ಮೇಲೆ ಅಂಕ ಕೊಡಲಿ.